ಎರಡು ಬೆರಳಗಲದ ಅಂಚು

ಬೈಂಡರಣ್ಣನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅಂಗಡಿಗೆ ಬಂದವರು ಪುಸ್ತಕವನ್ನು ತೆರೆದು ಮೇಜಿನ ಮೇಲೆ ಬೋರಲು ಹಾಕಿದರೋ, ಮುಗಿಯಿತು. "ನಿಮ್ಮನ್ನ ಹೀಗೇ ಕೈಕಾಲು ಅಗಲಿಸಿ ಬೋರಲು ಮಲಗಿಸಿ ಮೇಲೊಂದು ಕಲ್ಲು ಇಡ್ಲಾ? ಹೇಗಿರುತ್ತೆ ನೋಡಿ" ಎಂದು ಮುಖಕ್ಕೆ ಹೊಡೆದ ಹಾಗೆ ಕೇಳುತ್ತಿದ್ದ. ಬೆರಳಿಗೆ ಎಂಜಲು ಹಚ್ಚಿ ಪುಟ ತಿರುಗಿಸುವವರನ್ನಂತೂ ಮೆಟ್ಟಿಲು ಹತ್ತಿಸುತ್ತಿರಲಿಲ್ಲ. ಆದರೂ ಜನ ಬರುತ್ತಿದ್ದರು. ಯಾಕೆಂದರೆ ಅವನು ಹೊಲಿದ ಪುಸ್ತಕ ಬಿಚ್ಚಿಕೊಂಡದ್ದನ್ನು ಕಂಡವರಿರಲಿಲ್ಲ.

ಅಂಗಡಿ ಅಂದರೆ ಏನು, ರೈಲುಡಬ್ಬಿಯಂಥ ಒಂದು ಉದ್ದನೆಯ ಕೋಣೆ. ಬಾಗಿಲ ಬಳಿ ಬೆಳಕಿಗೆ ಹೊಲಿಗೆಯ ಮೇಜು, ಅದರ ಪಕ್ಕ ಮೈದಾ ಅಂಟಿನ ಡಬ್ಬಿ, ಗೋಡೆಗೆ ಒರಗಿಸಿದ ರಟ್ಟುಗಳು. ಎಲ್ಲಕ್ಕಿಂತ ಹಿಂದೆ, ಆಳೆತ್ತರದ ಕಬ್ಬಿಣದ ಕಟಿಂಗ್ ಮಷೀನು. ಅದರ ಚಕ್ರ ಹಿಡಿದು ನಿಂತಾಗ ಮಾತ್ರ ಬೈಂಡರಣ್ಣನ ಮುಖದ ಗಂಟು ಸಡಿಲವಾಗುತ್ತಿತ್ತು.

ಕಸುಬು ಕಲಿಸಿದ ಮುದುಕ ಅವನಿಗೆ ಎರಡು ಮಾತು ಹೇಳಿಕೊಟ್ಟಿದ್ದ. ಒಂದು, ಹೊಲಿಯುವ ಹಾಳೆಯನ್ನು ಓದಬಾರದು. ಜನ ಮನೆಯ ಪತ್ರ, ಕಚೇರಿಯ ಕಡತ, ಆಸ್ಪತ್ರೆಯ ದಾಖಲೆ ಎಲ್ಲವನ್ನೂ ನಂಬಿ ತಂದು ಸುರಿಯುತ್ತಾರೆ. ಬೈಂಡರ್ ಆದವನು ಅದರಲ್ಲಿ ಕಾಗದವನ್ನು ನೋಡಬೇಕೇ ಹೊರತು ಅಕ್ಷರವನ್ನಲ್ಲ. ಎರಡು, ಮೂರು ಕಡೆ ಕತ್ತರಿಸದೆ ಯಾವ ಪುಸ್ತಕವನ್ನೂ ಹೊಸ್ತಿಲು ದಾಟಿಸಬಾರದು. ಹೊಲಿದ ಬೆನ್ನೊಂದನ್ನು ಬಿಟ್ಟು ಮೇಲೆ, ಕೆಳಗೆ, ಎದುರು, ಮೂರೂ ಅಂಚನ್ನು ಬೆಣ್ಣೆ ಕೊಯ್ದ ಹಾಗೆ ಕೊಯ್ದು ಕೊಡಬೇಕು. ಅಂಚು ಜೂಲುಜೂಲಾಗಿರುವ ಪುಸ್ತಕವನ್ನು ಕೊಡುವುದೂ ಒಂದೇ, ಗುಂಡಿ ಹಾಕದ ಅಂಗಿ ತೊಟ್ಟು ಬೀದಿಗಿಳಿಯುವುದೂ ಒಂದೇ ಅನ್ನುತ್ತಿದ್ದ ಮುದುಕ. ಈ ಎರಡು ಮಾತನ್ನು ಬೈಂಡರಣ್ಣ ಒಂದು ದಿನವೂ ತಪ್ಪಲಿಲ್ಲ. ತಪ್ಪಿದ್ದರೆ ಎಷ್ಟು ಚೆನ್ನಾಗಿತ್ತೋ! ಇರಲಿ, ಅದು ಆಮೇಲಿನ ಮಾತು.

ಅವನ ಮದುವೆ ಆದದ್ದೂ ಆ ಮಷೀನಿನ ದಯೆಯಿಂದಲೇ. ಊರಾಚೆ ಒಂದು ಮಕ್ಕಳ ಮನೆ ಇತ್ತು. ಹೆತ್ತವರು ಸಾಕಲಾರದೆ ಒಪ್ಪಿಸಿಹೋದ, ಹೇಳದೆ ಕೇಳದೆ ಬಿಟ್ಟುಹೋದ ಹಸುಗೂಸುಗಳನ್ನು ಸಾಕುವ ಜಾಗ. ಅದನ್ನು ನಡೆಸುತ್ತಿದ್ದ ಹೆಂಗಸನ್ನು ಮಕ್ಕಳೆಲ್ಲ ದೊಡ್ಡಮ್ಮ ಅನ್ನುತ್ತಿದ್ದರು. ಬಂದ ಪ್ರತಿ ಮಗುವಿಗೂ ದಾಖಲೆ ಪುಸ್ತಕದಲ್ಲಿ ಒಂದು ಹಾಳೆ, ಒಂದು ನಂಬರು. ಪುಸ್ತಕಕ್ಕೆ ನೂರು ಹಾಳೆ. ಅಂಥ ಎಂಟು ಪುಸ್ತಕಗಳ ಹೊಲಿಗೆ ಕಿತ್ತು ಹಾಳೆಗಳು ಉದುರತೊಡಗಿದ್ದವು. ಅಷ್ಟರಲ್ಲಿ ತಪಾಸಣೆಯವರು ಬರುತ್ತಾರೆಂಬ ಸುದ್ದಿ ಬಂತು. ದೊಡ್ಡಮ್ಮ ನೋಡಿದರೆ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ. ಗುಮಾಸ್ತ ಗಡಿಬಿಡಿ ಮಾಡಿ ಎಂಟನ್ನೂ ತಳ್ಳುಗಾಡಿಗೆ ಹೇರಿಸಿ ಬೈಂಡರಣ್ಣನ ಅಂಗಡಿಗೆ ಕಳಿಸಿದ. ತಳ್ಳಿಕೊಂಡು ಬಂದವಳು ಅಲ್ಲೇ ಬೆಳೆದು ಅಲ್ಲೇ ಕೆಲಸಕ್ಕೆ ನಿಂತಿದ್ದ ಇಪ್ಪತ್ತರ ಹುಡುಗಿ.

"ಒಂದೇ ಒಂದು ಹಾಳೆ ಹೆಚ್ಚುಕಮ್ಮಿ ಆದ್ರೂ ನಿಮ್ಮನ್ನ ಸುಮ್ನೆ ಬಿಡಲ್ಲ" ಎಂದಳು, ಬೆವರು ಒರೆಸಿಕೊಳ್ಳುತ್ತ.

ಯಾರ ಮಾತನ್ನೂ ಕೇಳಿಸಿಕೊಳ್ಳದ ಬೈಂಡರಣ್ಣ ಆವತ್ತು "ಆಗ್ಲಿ" ಅಂದ. ಅಷ್ಟೇ ಬಾಯಿಗೆ ಬಂದದ್ದು. ಮೂರು ವಾರ ಅವಳು ದಿನಾ ಬಂದು ಹಾಳೆ ಎಣಿಸಿ ಹೋದಳು. ಮೂರು ವಾರ ಅವನು ಹಿಂದೆಂದೂ ಮಾಡದಂಥ ಕೆಲಸ ಮಾಡಿದ. ಹಾಳೆಗಳ ಹೊರ ಅಂಚು ಬೆರಳ ಕೊಳೆ ಹಿಡಿದು ಕಂದಾಗಿತ್ತು, ಅಲ್ಲಲ್ಲಿ ಹರಿದಿತ್ತು, ಮೇಲೆ ಯಾರೋ ಪೆನ್ಸಿಲಿನಲ್ಲಿ ಗೀಚಿದ್ದರು. ಬೈಂಡರಣ್ಣ ಧಾರಾಳವಾಗಿ ಎರಡು ಬೆರಳಗಲ ತೆಗೆದು ಬಿಸಾಡಿದ. ಕೊನೆಯ ದಿನ ಹುಡುಗಿ ಆ ಅಂಚಿನ ಮೇಲೆ ಅಂಗೈ ಆಡಿಸಿ, "ಅಯ್ಯೋ, ಗಾಜಿನ ಹಾಗಿದೆಯಲ್ರೀ!" ಎಂದಳು. ಅಲ್ಲಿಗೆ ಬೈಂಡರಣ್ಣನ ಕಥೆ ಮುಗಿಯಿತು.

ಎಂಟನ್ನೂ ಒಪ್ಪಿಸಲು ತಾನೇ ಹೋದ. ಆಸ್ಪತ್ರೆಯಿಂದ ಆಗಷ್ಟೇ ಬಂದಿದ್ದ ದೊಡ್ಡಮ್ಮ ಒಂದು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ತೆರೆದಳು. ಇನ್ನೊಂದನ್ನು ತೆರೆದಳು. ಅಂಚಿನ ಮೇಲೆ ಬೆರಳಾಡಿಸಿದಳು. ಬಹಳ ಹೊತ್ತು ಕೂತಿದ್ದಳು, ತುಟಿ ಬಿಚ್ಚಲಿಲ್ಲ. "ಕೆಲಸ ನೋಡಿ ಅವಳಿಗೆ ಮಾತೇ ಹೊರಡ್ಲಿಲ್ಲ ಕಣಯ್ಯಾ" ಎಂದು ಬೈಂಡರಣ್ಣ ನಲವತ್ತು ವರ್ಷ ಈ ಕಥೆಯನ್ನು ಕಂಡಕಂಡವರಿಗೆಲ್ಲ ಹೇಳಿದ. ಮರುವರ್ಷ ಆ ಹುಡುಗಿಯನ್ನೇ ಮದುವೆಯಾದ.

ಅವಳ ನಂಬರು ಇನ್ನೂರ ಹದಿನಾಲ್ಕು. ಮೂರನೇ ಪುಸ್ತಕ. ಆ ಪುಸ್ತಕಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಬೆಳೆದ ಮಕ್ಕಳಿಗೂ ತೋರಿಸುವಂತಿಲ್ಲ ಎಂಬುದು ಕಟ್ಟುನಿಟ್ಟು. ದೊಡ್ಡಮ್ಮ ಬದುಕಿದ್ದಾಗ ಒಂದೇ ಒಂದು ಸಲ ಇವಳು ಕೇಳಿದ್ದಳಂತೆ, "ನನ್ನ ಬಿಟ್ಟು ಹೋದೋಳು ಯಾರು?" ಅಂತ. ದೊಡ್ಡಮ್ಮ ಇವಳ ತಲೆಯನ್ನು ಎದೆಗೊತ್ತಿಕೊಂಡು ಅತ್ತಳೇ ಹೊರತು ಉತ್ತರ ಕೊಡಲಿಲ್ಲ.

ಇದನ್ನೇ ಹಿಡಿದು ಅವಳು ಗಂಡನನ್ನು ಚುಚ್ಚುತ್ತಿದ್ದಳು. "ಮೂರು ವಾರ ನನ್ನ ಹಾಳೆ ನಿಮ್ಮ ಕೈಯಲ್ಲೇ ಇತ್ತಲ್ರೀ. ಒಂದ್ಸಲ ಕಣ್ಣು ಹಾಯಿಸಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಹೊಲಿಯೋ ಹಾಳೆ ಓದಲ್ಲ ಕಣೇ ನಾನು."

"ಊರಲ್ಲಿರೋ ಗಂಡಸರನ್ನೆಲ್ಲ ಬಿಟ್ಟು ಓದಲ್ಲ ಅನ್ನೋನನ್ನೇ ಹುಡುಕಿ ಕಟ್ಕೊಂಡೆ ನೋಡಿ, ನನಗೆ ಹೇಳ್ಬೇಕು!"

ನಗುತ್ತಲೇ ಹೇಳುತ್ತಿದ್ದಳು. ಆದರೆ ಅದು ನಗುವ ವಿಷಯವಾಗಿರಲಿಲ್ಲ. ಮಗಳನ್ನು ಹೆತ್ತಾಗ ಡಾಕ್ಟರು, "ನಿಮ್ಮ ತಾಯಿಗೆ ಸಕ್ಕರೆ ಕಾಯಿಲೆ ಇತ್ತಾ? ರಕ್ತದೊತ್ತಡ?" ಎಂದು ಸಾಲಾಗಿ ಕೇಳಿದರೆ, ಇವಳು ಪ್ರತಿಯೊಂದಕ್ಕೂ ಗೊತ್ತಿಲ್ಲ ಗೊತ್ತಿಲ್ಲ ಎನ್ನುತ್ತ ಕೊನೆಗೆ ಗೋಡೆಯ ಕಡೆ ಹೊರಳಿ ಮಲಗಿದ್ದಳು. ಬಸ್ಸಿನಲ್ಲಿ, ಸಂತೆಯಲ್ಲಿ, ತನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವರಾದ ಹೆಂಗಸರ ಮೂಗು, ಕಿವಿ, ಹಣೆ ನೋಡುವುದು ಅವಳಿಗೆ ಚಾಳಿಯಾಗಿಬಿಟ್ಟಿತ್ತು. ಅರವತ್ತು ತುಂಬಿದ ಮೇಲೆ ಅದನ್ನೂ ಬಿಟ್ಟಳು. "ಇನ್ನು ಅವಳು ಬದುಕಿರೋದು ಎಲ್ಲಿ ಬಂತು. ಒಂದು ಹೆಸರು ಸಿಕ್ಕಿದ್ರೆ ಸಾಕಿತ್ತು ಕಣ್ರೀ. ಒಂದೇ ಒಂದು ಹೆಸರು. ಮನಸ್ಸಲ್ಲೇ ಕರೆಯೋಕೆ" ಅನ್ನುತ್ತಿದ್ದಳು. ಬೈಂಡರಣ್ಣ ಅಂಟಿನ ಡಬ್ಬಿ ತಿರುವುತ್ತ ಕೂರುತ್ತಿದ್ದ.

ಮಕ್ಕಳ ಮನೆ ಮುಚ್ಚಿ ಹತ್ತು ವರ್ಷವಾಗಿತ್ತು. ಉಳಿದದ್ದು ಸೋರುವ ಕಟ್ಟಡ, ಒಂದು ಸಮಿತಿ, ಆ ಸಮಿತಿಗೊಬ್ಬ ಕಾರ್ಯದರ್ಶಿ. ಈ ಕಾರ್ಯದರ್ಶಿ ನಿವೃತ್ತ ಮೇಷ್ಟ್ರು, ಹೊರಗಿನಿಂದ ಬಂದು ನೆಲೆಸಿದವರು. ಒಳ್ಳೆಯವರು, ಆದರೆ ಕಾಗದ ಬರೆಯುವುದೊಂದು ಹುಚ್ಚು. ಬೀರುವಿನೊಳಗೆ ನೀರು ಇಳಿದದ್ದನ್ನು ಕಂಡವರೇ ಕಂಡಕಂಡ ಕಚೇರಿಗೆಲ್ಲ ಬರೆದರು. ಯಾರೂ ಓಗೊಡಲಿಲ್ಲ. ನಾಲ್ಕನೇ ವರ್ಷಕ್ಕೆ ಎಲ್ಲಿಂದಲೋ ಉತ್ತರ ಬಂತು: ಇಂಥ ಸಣ್ಣಪುಟ್ಟ ಸಂಸ್ಥೆಗಳ ಹಳೆಯ ದಾಖಲೆ ಉಳಿಸಿಕೊಡಲೆಂದೇ ಒಂದು ಯೋಜನೆ ಇದೆ, ಒಬ್ಬ ತಜ್ಞರನ್ನು ಒಂದು ವಾರ ಕಳಿಸುತ್ತೇವೆ, ಊರಿನಲ್ಲಿ ಕಾಗದದ ಕೆಲಸ ಬಲ್ಲವರೊಬ್ಬರನ್ನು ಜೊತೆಗೆ ಕೊಡಿ. ಅದೇ ಬಿಸಿಯಲ್ಲಿ ಸಮಿತಿ ಇನ್ನೊಂದು ತೀರ್ಮಾನವನ್ನೂ ಮಾಡಿತು. ಪುಸ್ತಕಗಳು ಮುಟ್ಟುವಂತಾದ ಮೇಲೆ, ಆ ಮನೆಯಲ್ಲಿ ಬೆಳೆದ ಯಾರು ಬೇಕಾದರೂ ಬಂದು ತಮ್ಮ ಹಾಳೆ ನೋಡಬಹುದು. ಬರುವ ಶನಿವಾರದಿಂದಲೇ.

ಕಾಗದದ ಕೆಲಸ ಬಲ್ಲವನು ಅಂದರೆ ಊರಿಗೆಲ್ಲ ಬೈಂಡರಣ್ಣ ಒಬ್ಬನೇ. ಸುದ್ದಿ ತಂದು ಹೇಳಿದಾಗ ಹೆಂಡತಿ ಒಲೆ ಆರಿಸುವುದನ್ನೂ ಮರೆತು ನಿಂತಳು. "ಶನಿವಾರ ಅಂದ್ರೆ ಇನ್ನು ಆರು ದಿನ" ಎಂದಳು. ಆಮೇಲೆ, "ಹುಷಾರಾಗಿ ಮಾಡ್ರೀ, ನಿಮ್ಮ ಸಿಡಿಮಿಡಿ ಎಲ್ಲ ಅಲ್ಲಿ ತೋರಿಸ್ಬೇಡಿ. ಬರೋ ತಜ್ಞರು ಮುನಿಸ್ಕೊಂಡು ಎದ್ದು ಹೋದ್ರೆ ನಾನು ನಿಮ್ಮನ್ನ ಸಾಯೋವರೆಗೂ ಕ್ಷಮಿಸಲ್ಲ" ಎಂದಳು.

ಮರುದಿನ, ಸೋಮವಾರ, ತಜ್ಞೆ ಬಂದಳು. ಬೈಂಡರಣ್ಣ ಕನ್ನಡಕ ಹಾಕಿದ ದೊಡ್ಡ ಮನುಷ್ಯರೊಬ್ಬರನ್ನು ನಿರೀಕ್ಷಿಸಿದ್ದ. ಬಂದವಳು ಬೆನ್ನಿಗೊಂದು ಚೀಲ ಹಾಕಿಕೊಂಡ, ಅವನ ಮಗಳಿಗಿಂತ ಚಿಕ್ಕವಳು. ಚೀಲದಿಂದ ಮೆತ್ತನೆಯ ಬ್ರಷ್ಷು, ಭೂತಗನ್ನಡಿ, ಒಂದು ಬಾಗುವ ದೀಪ, ಹತ್ತಿಯ ಲಾಡಿ, ಗಾಳಿಯ ತೇವ ಅಳೆಯುವ ಪುಟ್ಟ ಡಬ್ಬಿ, ಒಂದೊಂದಾಗಿ ತೆಗೆದಿಟ್ಟಳು. ಬೈಂಡರಣ್ಣ ಮೂಗು ಮುರಿದ. ಇದೇನು ಕಾಗದಕ್ಕೆ ಚಿಕಿತ್ಸೆ ಮಾಡುವುದೋ, ಮದುವಣಗಿತ್ತಿಗೆ ಸಿಂಗಾರ ಮಾಡುವುದೋ ಅಂದುಕೊಂಡ.

"ಯಜಮಾನ್ರೇ, ಹರಿದ ಹಾಳೆಗೆ ಗಮ್ ಟೇಪು ಯಾರೂ ಇನ್ನು ಹಚ್ಚಬಾರದು. ಕಾಗದವನ್ನ ತಿಂದುಹಾಕುತ್ತೆ."

"ನಾನು ಜನ್ಮದಲ್ಲೇ ಟೇಪು ಹಚ್ಚಿದೋನಲ್ಲ ಮೇಡಂ. ಮೈದಾ ಅಂಟು ನಮ್ಮದು."

"ಮೈದಾ ಅಂದ್ರೆ ಹುಳಕ್ಕೆ ಎಲೆ ಹಾಕಿ ಊಟ ಬಡಿಸಿದ ಹಾಗೆ" ಎಂದು ನಕ್ಕಳು.

ಅವನಿಗೆ ಮೈ ಉರಿಯಿತು. ಹೆಂಡತಿಯ ಮಾತು ನೆನಪಾಗಿ ಬಾಯಿ ಬಿಗಿಹಿಡಿದ. ಆದರೆ ಎರಡನೇ ದಿನದ ಹೊತ್ತಿಗೆ ಆ ಹುಡುಗಿಯ ಕೈ ನೋಡಿ ಅವನ ಸಿಟ್ಟು ಇಳಿಯಿತು. ಬೂಷ್ಟು ಹಿಡಿದ ಹಾಳೆಯನ್ನು ಅವಳು ಮಗುವನ್ನು ತೊಟ್ಟಿಲಿನಿಂದ ಎತ್ತಿದ ಹಾಗೆ ಎರಡೂ ಕೈ ಕೊಟ್ಟು ಎತ್ತುತ್ತಿದ್ದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುತ್ತಿದ್ದಳು, ಅವನನ್ನೇ ಕೇಳುತ್ತಿದ್ದಳು. ಮೂರನೇ ದಿನ ಬೆಳಗ್ಗೆ ಒಂದು ಪುಸ್ತಕದ ಹೊಲಿಗೆಯನ್ನು ಬೆಳಕಿಗೆ ಹಿಡಿದು, "ಇದು ಯಾರ ಕೈ? ನೀರು ಬಿದ್ದಿದೆ, ಗೆದ್ದಲು ಹಿಡಿದಿದೆ, ಆದ್ರೂ ಒಂದೆಳೆ ದಾರ ಜಗ್ಗಿಲ್ಲ. ಇಂಥ ಹೊಲಿಗೆ ನಾನು ನೋಡೇ ಇಲ್ಲ" ಎಂದಳು.

ಬೈಂಡರಣ್ಣನ ಎದೆ ಉಬ್ಬಿತು. ಆದರೂ "ಯಾರೋ ಹಳಬರು ಇರ್ಬೇಕು" ಅಂದ. ವಾರದ ಕೊನೆಗೆ, ಅವಳು ಹೊರಡುವಾಗ, ಸಾವಧಾನವಾಗಿ ಹೇಳೋಣ ಎಂಬ ಆಸೆ. ಅಷ್ಟು ಸಣ್ಣ ಜಂಬವೂ ಅವನಿಗೆ ದಕ್ಕಲಿಲ್ಲ ನೋಡಿ.

ಆವತ್ತೇ ಮಧ್ಯಾಹ್ನ ತಜ್ಞೆ ಬೀರುವಿನ ತಳದಿಂದ ಒಂಬತ್ತನೇ ಪುಸ್ತಕ ಎಳೆದಳು. ಎಂಟು ಪುಸ್ತಕ ಬೈಂಡಿಂಗಿಗೆ ಹೋಗಿದ್ದಾಗ ಇದು ಇನ್ನೂ ಬರೆಯುತ್ತಿದ್ದ ಪುಸ್ತಕ, ಹಾಗಾಗಿ ಅಂಗಡಿಗೆ ಬಂದಿರಲಿಲ್ಲ. ಅದರ ಅಂಚು ಜೂಲುಜೂಲಾಗಿ, ಕಂದಾಗಿ, ಹಾಗೇ ಇತ್ತು. ತೆರೆದು ನೋಡಿದವಳು ಕುರ್ಚಿಯಿಂದ ಎದ್ದೇಬಿಟ್ಟಳು.

"ಯಜಮಾನ್ರೇ, ಇಲ್ಬನ್ನಿ, ಇಲ್ಬನ್ನಿ!"

ಹಾಳೆಯ ನಡುವೆ ಮಸಿಯಲ್ಲಿ ಬರೆದ ಅಂಕಣಗಳು. ತಾರೀಕು, ತೂಕ, ಗಂಡೋ ಹೆಣ್ಣೋ. "ತಂದವರು" ಎಂಬಲ್ಲಿ "ತಿಳಿಯದು." ಎಲ್ಲ ಹಾಳೆಯಲ್ಲೂ ತಿಳಿಯದು, ತಿಳಿಯದು. ಆದರೆ ಹೊರ ಅಂಚಿನಲ್ಲಿ, ಎರಡು ಬೆರಳಗಲದ ಜಾಗದಲ್ಲಿ, ತೆಳ್ಳನೆ ಪೆನ್ಸಿಲಿನಲ್ಲಿ ಇರುವೆ ಸಾಲಿನಂಥ ಅಕ್ಷರ. ತಜ್ಞೆ ಭೂತಗನ್ನಡಿ ಹಿಡಿದು ಓದಿದಳು: ಒಬ್ಬ ಹೆಂಗಸಿನ ಹೆಸರು, ಅವಳ ಬೀದಿ. ಕೆಳಗೆ, "ಹದಿನೇಳು ವರ್ಷ. ಗೇಟಿನ ತನಕ ಹೋಗಿ ಮೂರು ಸಲ ವಾಪಸು ಬಂದಳು."

"ಆ ಮಹಾತಾಯಿ ಎಲ್ಲಾನೂ ಬರೆದಿಟ್ಟಿದ್ದಾಳೆ! ತಪಾಸಣೆಯವರ ಕಣ್ಣಿಗೆ ಬೀಳಬಾರದು ಅಂತ ಅಂಚಲ್ಲಿ ಬರೆದಿದ್ದಾಳೆ. ಹೆತ್ತೋರ ಮಾನವೂ ಉಳೀಬೇಕು, ಮಕ್ಕಳಿಗೆ ಎಂದಾದ್ರೂ ಗೊತ್ತೂ ಆಗ್ಬೇಕು..." ತಜ್ಞೆಯ ಕಣ್ಣು ತುಂಬಿತ್ತು. ಸರಸರನೆ ಅದಕ್ಕೆ ಹಿಂದಿನ ಎಂಟನ್ನೂ ತೆರೆದಳು. ಗಾಜಿನಂತೆ ನುಣುಪಾದ ಅಂಚು. ಭೂತಗನ್ನಡಿ ಹಿಡಿದು ನೋಡಿದರೆ, ಕತ್ತರಿಸಿದ ಗೆರೆಯ ಗುಂಟ ಪೆನ್ಸಿಲಿನ ಚೂರುಪಾರು, ಪ್ರತಿ ಸಾಲಿನ ಮೊದಲ ಅಕ್ಷರದ ಬಾಲವೋ ಕೊಂಬೋ ಮಾತ್ರ.

"ಛೇ! ಎಂಥಾ ಕೆಲಸ ಮಾಡಿಟ್ಟಿದ್ದಾನೆ ಪುಣ್ಯಾತ್ಮ!"

ಬೈಂಡರಣ್ಣ ಒಂಬತ್ತನೇ ಪುಸ್ತಕವನ್ನು ಅವಳ ಮುಂದಕ್ಕೆ ಸರಿಸಿದ. "ಮೇಡಂ, ಒಂಬತ್ತರಲ್ಲಿ ಆ ಪೆನ್ಸಿಲ್ ಬರಹ ಕೊನೇ ತನಕ ಇದೆಯಾ?" ಎಂದು ಕೇಳಿದ. ಅವಳು ಹಾಳೆ ತಿರುಗಿಸಿದಳು. ಇಲ್ಲ. ನಲವತ್ತನೇ ಹಾಳೆಗೆ ನಿಂತಿತ್ತು. ತಾರೀಕು ಓದಿದಳು. ಅವನು ಎಂಟು ಪುಸ್ತಕ ಒಪ್ಪಿಸಿ ಬಂದ ತಿಂಗಳು. ಅಲ್ಲಿಂದ ಮುಂದೆ ಅಂಚಿನಲ್ಲಿ ಒಂದಕ್ಷರವೂ ಇರಲಿಲ್ಲ.

ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ತುಟಿ ಬಿಚ್ಚದೆ ಕೂತಿದ್ದ ದೊಡ್ಡಮ್ಮ ಈಗ ಅವನಿಗೆ ಅರ್ಥವಾದಳು. ನಲವತ್ತು ವರ್ಷ ಆ ಮೌನವನ್ನು ಮೆಡಲಿನ ಹಾಗೆ ಎದೆಗೆ ಸಿಕ್ಕಿಸಿಕೊಂಡು ತಿರುಗಿದ್ದನಲ್ಲ! ಭೂಮಿ ಬಾಯಿ ಬಿಡಬಾರದೇ ಅನಿಸಿತು.

"ಆ ಪುಣ್ಯಾತ್ಮ ನಾನೇ ಮೇಡಂ" ಎಂದ.

ತಜ್ಞೆ ತಬ್ಬಿಬ್ಬಾದಳು. ಏನೇನೋ ಸಮಾಧಾನ ಹೇಳಿದಳು. ಆ ಕಾಲದಲ್ಲಿ ಎಲ್ಲ ಬೈಂಡರುಗಳೂ ಹಾಗೇ ಮಾಡುತ್ತಿದ್ದರು, ಈಗಲೂ ಮಾಡುತ್ತಾರೆ, ನಿಮಗೆ ಹೇಳುವವರು ಯಾರಿದ್ದರು ಎಂದಳು. ಕೊನೆಗೆ ತನ್ನಲ್ಲೇ ಎಂಬಂತೆ, "ನಾವು ಬರೋದೇ ಯಾವಾಗ್ಲೂ ಎಲ್ಲ ಆದ ಮೇಲೆ" ಎಂದಳು.

ಅವನಿಗೆ ಅದೊಂದೂ ಕಿವಿಗೆ ಬೀಳುತ್ತಿರಲಿಲ್ಲ. ಕತ್ತರಿಸಿದ ಚೂರು ಎಲ್ಲಿ ಹೋಯಿತು, ಎಲ್ಲಿ ಹೋಯಿತು ಎಂದು ತಲೆ ಗಿರಗಿರನೆ ತಿರುಗುತ್ತಿತ್ತು. ರದ್ದಿಯವನ ಗಾಡಿಗೆ. ಅಲ್ಲಿಂದ ಕಾಗದದ ಕಾರ್ಖಾನೆಗೆ, ಬೇಯಿಸಿ ಮುದ್ದೆ ಮಾಡಲು. ಆದರೆ ಎಲ್ಲವೂ ಅಲ್ಲ. ಎರಡು ಬೆರಳಗಲದ, ಹಾಳೆಯಷ್ಟೇ ಉದ್ದದ ಪಟ್ಟಿ, ಅಳತೆ ಮಾಡಿಸಿದ ಹಾಗೆ ಪುಸ್ತಕದ ಬೆನ್ನಿಗೆ ಕೂರುತ್ತದೆ! ಹೊಲಿಗೆಯ ಮೇಲೆ ಅಂಥ ಐದೈದು ಪಟ್ಟಿ ಒಂದರ ಮೇಲೊಂದು ಅಂಟಿಸಿ, ಆಮೇಲೆ ಬಟ್ಟೆ ಹಚ್ಚುವುದು ಅವನ ಪದ್ಧತಿ.

"ಮೇಡಂ, ಬೆನ್ನು ಬಿಚ್ಚಿ! ಬೆನ್ನೊಳಗೆ ಇದಾವೆ!"

ಇಡೀ ಗುರುವಾರ ಇಬ್ಬರೂ ಉಸಿರು ಬಿಗಿಹಿಡಿದು ಕೆಲಸ ಮಾಡಿದರು. ಒದ್ದೆ ಬ್ಲಾಟಿಂಗ್ ಪೇಪರು ಇಟ್ಟು ಅಂಟನ್ನು ನೆನೆಸುವುದು, ನೆನೆದ ಪಟ್ಟಿಯನ್ನು ಕೂದಲೆಳೆಯಷ್ಟಷ್ಟೇ ಬಿಡಿಸುವುದು. "ಹುಳದ ಊಟ ಅಂತ ಬೈದಿದ್ದೆ. ಮೈದಾ ಆಗಿದ್ದಕ್ಕೆ ಬಿಡ್ತಾ ಇದೆ" ಎಂದಳು ತಜ್ಞೆ. ಎಂಟುನೂರು ಹಾಳೆಯ ಪೈಕಿ ನಲವತ್ತು ಪಟ್ಟಿ ಸಿಕ್ಕವು. ಬಹುಪಾಲು ಖಾಲಿ. ಬರಹ ಇದ್ದದ್ದು ಹನ್ನೊಂದು. ಶುಕ್ರವಾರ ಅವಳು ಆ ಹನ್ನೊಂದನ್ನೂ ಹಿಡಿದು, ತುಂಡಾದ ಅಕ್ಷರಕ್ಕೆ ಅಕ್ಷರ ಕೂಡಿಸುತ್ತ, ಯಾವ ಪಟ್ಟಿ ಯಾವ ಹಾಳೆಯದು ಎಂದು ಹುಡುಕಿದಳು. ಒಂದೊಂದು ಕೂಡಿದಾಗಲೂ ನಂಬರು ಕೂಗುತ್ತಿದ್ದಳು. ಬೈಂಡರಣ್ಣ ಮೈಯೆಲ್ಲ ಕಿವಿಯಾಗಿ ನಿಂತಿದ್ದ. ಏಳು. ತೊಂಬತ್ತೆರಡು. ಇನ್ನೂರ ಮೂರು. ಇನ್ನೂರ ನಲವತ್ತು. ಹನ್ನೊಂದೂ ಮುಗಿದವು. ಇನ್ನೂರ ಹದಿನಾಲ್ಕು ಬರಲೇ ಇಲ್ಲ.

ಸಂಜೆ ಮನೆಗೆ ಹೋದಾಗ ಹೆಂಡತಿ ತರಕಾರಿ ಹೆಚ್ಚುತ್ತಿದ್ದಳು. ನಾಳೆ ಉಡಬೇಕಾದ ಬಟ್ಟೆಗೆ ಇಸ್ತ್ರಿ ಹಾಕಿ ಕುರ್ಚಿಯ ಬೆನ್ನಿಗೆ ಹರವಿದ್ದಳು. ಅವನು ಅಡುಗೆಮನೆಯ ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿಬಿಟ್ಟ. ಕೂತರೆ ಹೇಳಲಾಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಅವಳು ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ಎಂಟೂನಾ?" ಎಂದಳು.

"ಎಂಟೂ."

"ನನ್ನದೂ?"

"ನಿನ್ನದೂ."

"ಗಾಜಿನ ಹಾಗಿದೆ ಅಂದಿದ್ದೆ ನಾನು" ಎಂದಳು ಅವಳು. ಬೈದುಬಿಟ್ಟಿದ್ದರೆ, ತಟ್ಟೆ ಎಸೆದಿದ್ದರೆ ಬೈಂಡರಣ್ಣನಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಊಟ ಬಡಿಸಿದಳು, ಪಾತ್ರೆ ತೊಳೆದಳು, ನಾಳೆ ಎಷ್ಟು ಹೊತ್ತಿಗೆ ಹೋಗಬೇಕು ಎಂದು ಮಾತ್ರ ಕೇಳಿದಳು.

ಶನಿವಾರ ಸಮಿತಿಯ ಕೋಣೆಯಲ್ಲಿ ಹದಿನೈದು ಇಪ್ಪತ್ತು ಜನ ಸೇರಿದ್ದರು, ಎಲ್ಲರೂ ತಲೆ ನರೆತವರು. ಅವರಲ್ಲಿ ಹೆಂಡತಿಯ ಜೊತೆಗೇ ಬೆಳೆದ, ಒಂದೇ ಹಾಸಿಗೆಯಲ್ಲಿ ಮಲಗಿದ ಗೆಳತಿಯೂ ಇದ್ದಳು. ಚಿಕ್ಕಂದಿನಿಂದ ಅವಳನ್ನು ಎಲ್ಲರೂ ಗುಬ್ಬಿ ಅನ್ನುವುದು. ಗುಬ್ಬಿಯ ನಂಬರು ಇನ್ನೂರ ಮೂರು. ತಜ್ಞೆ ಹಾಳೆಯ ಪಕ್ಕಕ್ಕೆ ಪಟ್ಟಿ ಜೋಡಿಸಿ ಒಂದು ಹೆಸರು ಓದಿದಳು. ಗುಬ್ಬಿ ಆ ಹೆಸರನ್ನು ಎರಡು ಸಲ ಬಾಯಲ್ಲಿ ಹೇಳಿಕೊಂಡು, ಅರವತ್ತೊಂದು ವರ್ಷದ ಹೆಂಗಸು, ಚಿಕ್ಕ ಮಗುವಿನ ಹಾಗೆ ಗೋಳೋ ಎಂದು ಅತ್ತಳು. ಆಮೇಲೆ ಬಂದು ಬೈಂಡರಣ್ಣನ ಎರಡೂ ಕೈ ಹಿಡಿದುಕೊಂಡಳು.

"ಭಾವ, ನೀವು ಬೆನ್ನೊಳಗೆ ಅಂಟಿಸಿ ಇಟ್ಟಿದ್ದಕ್ಕೆ ಉಳೀತಂತಲ್ಲ! ಈ ಜನ್ಮದಲ್ಲಿ ನಿಮ್ಮ ಋಣ ತೀರಿಸೋಕಾಗಲ್ಲ ಭಾವ."

ಬೈಂಡರಣ್ಣ ಕಳ್ಳನ ಹಾಗೆ ನಿಂತಿದ್ದ. ಕೈ ಬಿಡಿಸಿಕೊಳ್ಳುವುದಕ್ಕೂ ಆಗಲಿಲ್ಲ. ಆಚೆ ಹೆಂಡತಿ ಗೆಳತಿಯ ಬೆನ್ನು ಸವರುತ್ತ, "ಅಳ್ಬೇಡ, ಸಿಕ್ತಲ್ಲ, ಅಳ್ಬೇಡ" ಅನ್ನುತ್ತಿದ್ದಳು.

ಅವಳ ಸರದಿ ಬಂತು. ತಜ್ಞೆ ಮೂರನೇ ಪುಸ್ತಕವನ್ನು ಮೆತ್ತನೆಯ ದಿಂಬಿನ ಮೇಲಿಟ್ಟು ತೆರೆದಳು. ಇನ್ನೂರ ಹದಿನಾಲ್ಕು. ತಾರೀಕು. ಹೆಣ್ಣು. ಒಂಬತ್ತು ದಿನದ ಮಗು. ತಂದವರು: ತಿಳಿಯದು. ಹೆಂಡತಿ ಒಂದೊಂದನ್ನೂ ಬೆರಳಿಟ್ಟು ಓದಿದಳು. ಅದಾದ ಮೇಲೆ ತಜ್ಞೆ ದೀಪವನ್ನು ಓರೆಯಾಗಿ ಬಗ್ಗಿಸಿ, ಭೂತಗನ್ನಡಿಯನ್ನು ಅವಳ ಕೈಗೆ ಕೊಟ್ಟು, ಕತ್ತರಿಸಿದ ಅಂಚನ್ನು ತೋರಿಸಿದಳು. ಹಾಳೆಯ ತಲೆಯಿಂದ ಕಾಲಿನ ತನಕ, ಒಂದರ ಕೆಳಗೊಂದು, ಒತ್ತೊತ್ತಾಗಿ ಪೆನ್ಸಿಲಿನ ಚೂರುಗಳು. ಕೊನೆಯಲ್ಲಿ ಜಾಗ ಸಾಲದೆ ಸಾಲುಗಳು ಇನ್ನೂ ಸಣ್ಣದಾಗಿ, ಒಂದಕ್ಕೊಂದು ತಾಗಿಕೊಂಡಿದ್ದವು.

ಅವಳು ಬಹಳ ಹೊತ್ತು ನೋಡಿದಳು. "ಎಲ್ಲರ ಹಾಳೇಲೂ ಹೀಗೇನಾ ಮೇಡಂ?" ಎಂದು ಕೇಳಿದಳು.

ತಜ್ಞೆ ದೀಪವನ್ನು ಪಕ್ಕದ ಹಾಳೆಯ ಅಂಚಿಗೆ ತಿರುಗಿಸಿದಳು. "ಇಲ್ಲಮ್ಮ. ಉಳಿದವರದ್ದು ಎರಡು ಸಾಲು, ಮೂರು ಸಾಲು, ಅಷ್ಟೇ."

"ಇದನ್ನ ಏನಾದ್ರೂ ಮಾಡಿ ಓದೋಕೆ ಬರುತ್ತಾ?"

"ಬರಲ್ಲಮ್ಮ."

ಹೆಂಡತಿ ಗಂಡನ ಕಡೆ ತಿರುಗಿದಳು. ಕೋಪವಿರಲಿಲ್ಲ, ಹಾಲು ಎಲ್ಲಿಟ್ಟಿರಿ ಎಂದು ಕೇಳುವ ದನಿಯಲ್ಲಿ, "ಬೆನ್ನಿಗೆ ಯಾವ ಪಟ್ಟಿ ಹಾಕ್ತಿದ್ರಿ, ಯಾವ್ದು ಬಿಸಾಕ್ತಿದ್ರಿ?" ಎಂದಳು.

ಕೈಗೆ ಸಿಕ್ಕಿದ್ದು ಹಾಕ್ತಿದ್ದೆ ಅನ್ನಬಹುದಿತ್ತು. ಆ ಸುಳ್ಳು ನಾಲಿಗೆಯ ತುದಿಗೂ ಬಂದಿತ್ತು. ನಲವತ್ತು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಬದುಕಿದವಳಿಗೆ ಹೇಳಲಾಗಲಿಲ್ಲ.

"ಚೊಕ್ಕಟ ಇದ್ದದ್ದನ್ನ ಹಾಕ್ದೆ" ಎಂದ. "ತುಂಬಾ ಗೀಚಿದ್ದಕ್ಕೆ ಅಂಟು ಸರಿಯಾಗಿ ಹಿಡಿಯಲ್ಲ ಅಂತ... ಅಂಥದ್ದನ್ನೆಲ್ಲ ಮೊದಲೇ ಆರಿಸಿ ಬಿಸಾಕ್ದೆ."

ಅವಳು ತಲೆಯಾಡಿಸಿದಳು. ಮತ್ತೆ ಹಾಳೆಯ ಕಡೆ ತಿರುಗಿ, ಅಂಚಿನ ಮೇಲೆ ಬೆರಳಿಟ್ಟು, ಮೇಲಿನ ಚೂರಿನಿಂದ ಕೆಳಗಿನ ಚೂರಿನವರೆಗೆ ಮೆಲ್ಲಗೆ ಎಳೆದಳು.

"ನಾನು ಒಂದು ಹೆಸರು ಸಿಕ್ಕಿದ್ರೆ ಸಾಕು ಅಂದ್ಕೊಂಡಿದ್ದೆ" ಎಂದಳು ಅವಳು. "ನನ್ನ ಹೆತ್ತೋಳು ಇಷ್ಟೊಂದು ಹೇಳಿ ಹೋಗಿದ್ಲಲ್ರೀ."